ಮಗುವಾಗುವ ಮೊದಲೇ ವಂಕಿ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ: ನನಗೆ 24 ವರ್ಷ. ಮದುವೆಯಾಗಿ ಏಳು ತಿಂಗಳಾಯಿತು. ಊರು ಹುಬ್ಬಳ್ಳಿ ಕಡೆ, ಈಗ ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಇನ್ನು ಮೂರು-ನಾಲ್ಕು ವರ್ಷ ಮಗು ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಗರ್ಭನಿರೋಧಕ ಮಾತ್ರೆಯನ್ನು ತಿಂಗಳಿಗೆ ಮೂರ್ನಾಲ್ಕು ಸಲವಾದರೂ ಮರೆಯುತ್ತೇನೆ. ಎರಡು ಬಾರಿ ತುರ್ತು ಮಾತ್ರೆ ನುಂಗಿದ್ದೂ ಆಗಿದೆ. ಗರ್ಭಕೋಶದೊಳಗೆ ಇಡುವ ವಂಕಿ, ಅಂದರೆ ಕಾಪರ್ ಟಿ, ಹಾಕಿಸಿಕೊಳ್ಳೋಣವೆಂದು ಹೋದರೆ ವೈದ್ಯರು "ಮೊದಲು ಒಂದು ಮಗುವಾಗಲಿ, ಆಮೇಲೆ ಬನ್ನಿ" ಎಂದು ಕಳಿಸಿದರು. ವಂಕಿ ಹಾಕಿಸಿಕೊಂಡವರಿಗೆ ಮುಂದೆ ಗರ್ಭವೇ ನಿಲ್ಲುವುದಿಲ್ಲ ಎಂದು ಅತ್ತೆಯವರು ಹೇಳುತ್ತಾರೆ. ನನಗೆ ಮುಟ್ಟಿನ ಮೊದಲ ಎರಡು ದಿನ ಸ್ರಾವ ಜಾಸ್ತಿ, ಹೊಟ್ಟೆನೋವೂ ಇದೆ. ಕಳೆದ ತಿಂಗಳು ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 9.6 ಇತ್ತು. ನಾನು ಏನು ಮಾಡಬೇಕು?

ಉತ್ತರ: ಹಾಕಿಸಿಕೊಳ್ಳಬಹುದು. ಮಗುವಾಗಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ವಂಕಿಯನ್ನು ನಿರಾಕರಿಸಬೇಕಾಗಿಲ್ಲ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ ನೀವು ಬರೆದಿರುವ ಎರಡು ಸಂಗತಿಗಳು, ಅಂದರೆ ಹೆಚ್ಚು ಸ್ರಾವ ಮತ್ತು 9.6ರ ಹಿಮೋಗ್ಲೋಬಿನ್, ನಿಮಗೆ ಮಗುವಾಗಿದೆಯೋ ಇಲ್ಲವೋ ಎಂಬುದಕ್ಕಿಂತ ಹೆಚ್ಚು ಮಹತ್ವದವು. ನಿಮ್ಮನ್ನು ಹಿಂದಕ್ಕೆ ಕಳಿಸಿದವರು ಆ ಕಾರಣವನ್ನು ಹೇಳಿದ್ದರೆ ನಾನು ಅರ್ಧದಷ್ಟಾದರೂ ಒಪ್ಪುತ್ತಿದ್ದೆ.

ಮೊದಲು ನಿಯಮದ ಮಾತು. ಯಾವ ಸ್ಥಿತಿಯಲ್ಲಿರುವವರಿಗೆ ಯಾವ ಗರ್ಭನಿರೋಧಕ ಹೊಂದುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿದೆ. ಒಂದನೆಯ ದರ್ಜೆಯೆಂದರೆ ಯಾವ ಅಡ್ಡಿಯೂ ಇಲ್ಲ. ಎರಡನೆಯದೆಂದರೆ ಅಪಾಯಕ್ಕಿಂತ ಪ್ರಯೋಜನ ಹೆಚ್ಚು, ಸಾಮಾನ್ಯವಾಗಿ ಬಳಸಬಹುದು. ಮೂರನೆಯದೆಂದರೆ ಬೇರೆ ದಾರಿಯಿದ್ದರೆ ಅದನ್ನೇ ನೋಡಿ. ನಾಲ್ಕನೆಯದೆಂದರೆ ಬೇಡವೇ ಬೇಡ. ಇಪ್ಪತ್ತು ದಾಟಿದವರಿಗೆ ವಯಸ್ಸಿನ ದೃಷ್ಟಿಯಿಂದ ವಂಕಿ ಒಂದನೆಯ ದರ್ಜೆಯಲ್ಲಿದೆ. ಹೆರಿಗೆಯೇ ಆಗದವರಿಗೆ ಎರಡನೆಯ ದರ್ಜೆ. ತಾಮ್ರದ ವಂಕಿಯಾದ ಕಾಪರ್ ಟಿ ಆಗಲಿ, ಹಾರ್ಮೋನು ಬಿಡುವ ಇನ್ನೊಂದು ಬಗೆಯದ್ದಾಗಲಿ, ಎರಡಕ್ಕೂ ಇದೇ ಅನ್ವಯಿಸುತ್ತದೆ. ಇಪ್ಪತ್ತರ ಒಳಗಿನವರಿಗೂ ಎರಡನೆಯ ದರ್ಜೆಯೇ. ಎಳೆಯ ವಯಸ್ಸಿನವರಲ್ಲಿ ಸಾಧನವು ತಾನಾಗಿ ಜಾರಿ ಹೊರಬರುವ ಸಂಭವ ಸ್ವಲ್ಪ ಹೆಚ್ಚು. "ಮೊದಲು ಒಂದು ಮಗುವಾಗಲಿ" ಎಂಬ ಷರತ್ತು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಆ ಷರತ್ತು ಬಂದದ್ದೆಲ್ಲಿಂದ? ನಿಮ್ಮ ಅತ್ತೆಯವರ ಭಯ ಅಜ್ಞಾನದಿಂದ ಹುಟ್ಟಿದ್ದು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದಕ್ಕೊಂದು ನಿಜವಾದ ಚರಿತ್ರೆಯಿದೆ. 1971ರಲ್ಲಿ ಅಮೆರಿಕದ ಮಾರುಕಟ್ಟೆಗೆ ಡಾಲ್ಕನ್ ಶೀಲ್ಡ್ ಎಂಬ ಸಾಧನ ಬಂದಿತು. ಇಂದಿನ ವಂಕಿಯ ತುದಿಯಲ್ಲಿರುವುದು ಮೀನಿನ ಗಾಳದ ದಾರದಂತಹ ಒಂಟಿ ಎಳೆ; ಅದರದ್ದು ನೂರಾರು ಸಣ್ಣ ಎಳೆಗಳನ್ನು ಒಂದು ಕವಚದೊಳಗೆ ತುಂಬಿ ಮಾಡಿದ ದಾರ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವಂತೆ ಆ ದಾರವು ಯೋನಿಯ ರೋಗಾಣುಗಳನ್ನು ಗರ್ಭಕೋಶದೊಳಕ್ಕೆ ಹೀರಿತು. ಕಿಬ್ಬೊಟ್ಟೆಯ ಸೋಂಕು, ಸೋಂಕು ತಗುಲಿದ ಗರ್ಭಪಾತಗಳು, ಸಾವುಗಳು ವರದಿಯಾಗಿ 1974ರಲ್ಲಿ ಅದರ ಮಾರಾಟ ನಿಂತಿತು; ತಯಾರಿಸಿದ ಕಂಪನಿ ಮೊಕದ್ದಮೆಗಳ ಭಾರಕ್ಕೆ 1985ರಲ್ಲಿ ದಿವಾಳಿ ಅರ್ಜಿ ಹಾಕಿತು. ಒಂದು ಕೆಟ್ಟ ದಾರದ ಅಪಕೀರ್ತಿ ಎಲ್ಲ ಬಗೆಯ ವಂಕಿಗಳಿಗೂ ಅಂಟಿಕೊಂಡಿತು. ಆ ಕಾಲದ ಪಠ್ಯಪುಸ್ತಕ ಓದಿ ಬಂದ ವೈದ್ಯರು ತಮ್ಮ ಶಿಷ್ಯರಿಗೆ "ಮಕ್ಕಳಾಗದವರಿಗೆ ಹಾಕಬೇಡಿ" ಎಂದು ಹೇಳಿಕೊಟ್ಟರು. ಆ ಪಾಠ ಬದಲಾದದ್ದು ಎಲ್ಲರ ಕಿವಿಗೂ ಬಿದ್ದಿಲ್ಲ.

ನಮ್ಮಲ್ಲಿ ಇನ್ನೊಂದು ಕಥೆಯೂ ಸೇರಿಕೊಂಡಿತು. 1965ರಲ್ಲಿ ಭಾರತ ಸರ್ಕಾರ ಲಿಪ್ಪೀಸ್ ಲೂಪ್ ಎಂಬ ಅಂಕುಡೊಂಕು ಪ್ಲಾಸ್ಟಿಕ್ ಸಾಧನವನ್ನು ದೇಶದ ತುಂಬ ಹಂಚಿತು. ಗುರಿ ತಲುಪುವ ಆತುರದಲ್ಲಿ ಹಾಕುವ ಕೆಲಸ ನಡೆಯಿತೇ ಹೊರತು, ಆಮೇಲೆ ರಕ್ತಸ್ರಾವವಾದವರನ್ನು ಕರೆದು ನೋಡುವ ಕೆಲಸ ಅಷ್ಟಾಗಿ ನಡೆಯಲಿಲ್ಲ. ಆ ತಲೆಮಾರಿನ ಹೆಂಗಸರು ಅನುಭವಿಸಿದ್ದು ಮಗಳಿಗೆ, ಸೊಸೆಗೆ ಮಾತಾಗಿ ಬಂದಿದೆ. ಲೂಪ್ ಹೋಗಿ ತಾಮ್ರದ 'ಟಿ' ಬಂದ ಮೇಲೂ ಹಳೆಯ ಭಯ ವಂಕಿ ಎಂಬ ಹೆಸರಿಗೇ ಅಂಟಿಕೊಂಡಿದೆ.

ಬಂಜೆತನದ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಮೆಕ್ಸಿಕೊ ನಗರದಲ್ಲಿ ಒಮ್ಮೆಯೂ ಗರ್ಭ ನಿಲ್ಲದ ಬಂಜೆತನದವರು ಮತ್ತು ಮೊದಲ ಬಾರಿ ಗರ್ಭಿಣಿಯಾದವರು ಸೇರಿ 1,895 ಮಹಿಳೆಯರನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಅಂಡನಾಳ ಮುಚ್ಚಿಹೋಗಿ ಬಂಜೆತನ ಬಂದವರು ಉಳಿದವರಿಗಿಂತ ಹೆಚ್ಚಾಗಿ ಕಾಪರ್ ಟಿ ಬಳಸಿದ್ದರೇ ಎಂದು ನೋಡಿದರೆ, ಇಲ್ಲ. ಆದರೆ ಅವರ ರಕ್ತದಲ್ಲಿ ಕ್ಲಮೀಡಿಯ ಎಂಬ ಲೈಂಗಿಕ ಸೋಂಕು ಹಿಂದೆಂದೋ ಬಂದು ಹೋದ ಗುರುತು ಹೆಚ್ಚಾಗಿ ಕಂಡಿತು. ನಾಳವನ್ನು ಮುಚ್ಚಿದ್ದು ಸೋಂಕು, ತಾಮ್ರವಲ್ಲ. ವಂಕಿಯಿಂದ ಸೋಂಕು ಬರುವುದೇ ಇಲ್ಲವೇ ಎಂದರೆ, ಹಾಕಿದ ಮೊದಲ ಇಪ್ಪತ್ತು ದಿನ ಸಂಭವ ತುಸು ಏರುತ್ತದೆ: ಗರ್ಭಕಂಠದಲ್ಲಿ ಆಗಲೇ ಸೋಂಕು ಇದ್ದರೆ ಉಪಕರಣದೊಂದಿಗೆ ಅದೂ ಒಳಗೆ ಹೋಗುತ್ತದೆ. ಆ ಮೂರು ವಾರ ಕಳೆದ ಮೇಲೆ ಸಂಭವ ಬಹಳ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹಾಕುವ ಮುನ್ನ ಕೇಳಬೇಕಾದದ್ದು "ನಿಮಗೆ ಮಕ್ಕಳಿದ್ದಾರೆಯೇ" ಎಂದಲ್ಲ. ವಾಸನೆಯುಳ್ಳ ಅಥವಾ ಕೀವಿನಂತಹ ಬಿಳಿಸೆರಗು ಇದೆಯೇ, ಸಂಪರ್ಕದ ವೇಳೆ ಕಿಬ್ಬೊಟ್ಟೆಯಲ್ಲಿ ನೋವಿದೆಯೇ, ನಿಮಗೋ ನಿಮ್ಮ ಸಂಗಾತಿಗೋ ಲೈಂಗಿಕ ಸೋಂಕಿನ ಸಾಧ್ಯತೆ ಇದೆಯೇ ಎಂದು. ಇದ್ದರೆ ಮೊದಲು ಚಿಕಿತ್ಸೆ, ಆಮೇಲೆ ವಂಕಿ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸುತ್ತೇನೆ: ಕ್ಷಯ. ಶ್ವಾಸಕೋಶಕ್ಕೆ ಬರುವ ಕ್ಷಯ ಎಲ್ಲರಿಗೂ ಗೊತ್ತು. ಅದೇ ರೋಗ ಅಂಡನಾಳಕ್ಕೂ ಗರ್ಭಕೋಶದ ಒಳಪದರಕ್ಕೂ ಸದ್ದಿಲ್ಲದೆ ತಗುಲಿ ಬಂಜೆತನ ತರುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ, ಮುಟ್ಟು ಕಡಿಮೆಯಾಗುವುದೊಂದೇ ಕೆಲವೊಮ್ಮೆ ಕಾಣುವ ಲಕ್ಷಣ. ಕಿಬ್ಬೊಟ್ಟೆಯ ಕ್ಷಯ ಇರುವವರಿಗೆ ವಂಕಿ ಹಾಕುವುದು ನಾಲ್ಕನೆಯ ದರ್ಜೆ, ಬೇಡವೇ ಬೇಡ. ಇಂತಹ ಒಬ್ಬ ಹೆಣ್ಣುಮಗಳು ಯಾರ ಅರಿವಿಗೂ ಬಾರದೆ ವಂಕಿ ಹಾಕಿಸಿಕೊಂಡು, ಮೂರು ವರ್ಷದ ನಂತರ ತೆಗೆಸಿ, ಆಮೇಲೆ ಗರ್ಭ ನಿಲ್ಲದಿದ್ದರೆ ಮನೆಯವರು ಯಾವುದನ್ನು ದೂರುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ವೈದ್ಯರ ಹಿಂಜರಿಕೆಗೂ ಬಹುಶಃ ಇದೇ ಕಾರಣವಿರಬಹುದು. ಎರಡು ಮಕ್ಕಳ ತಾಯಿಗೆ ಹಾಕಿದ ವಂಕಿಯನ್ನು ಯಾರೂ ಬಂಜೆತನಕ್ಕೆ ದೂರುವುದಿಲ್ಲ. ಹೊಸ ಮದುಮಗಳಿಗೆ ಹಾಕಿದರೆ, ಮುಂದೆ ಏನೇ ಆದರೂ, ಗಂಡಿನ ವೀರ್ಯಾಣುಗಳ ಕೊರತೆಯೇ ಆಗಿದ್ದರೂ, ಹಾಕಿದ ವೈದ್ಯರ ಹೆಸರೇ ಬರುತ್ತದೆ. ಇದು ಅರ್ಥವಾಗುವ ಭಯ. ಆದರೆ ಅದು ವೈದ್ಯರ ಭಯ, ರೋಗಿಯ ಅಪಾಯವಲ್ಲ, ಎರಡನ್ನೂ ಬೆರೆಸಬಾರದು.

ಹಿಂಜರಿಕೆಗೆ ಅಭ್ಯಾಸಬಲವೂ ಕಾರಣ. ಸರ್ಕಾರಿ ಗರ್ಭನಿರೋಧ ಕ್ಲಿನಿಕ್‌ಗಳನ್ನು 1930ರಲ್ಲೇ ತೆರೆದ ಹೆಗ್ಗಳಿಕೆ ಮೈಸೂರು ಸಂಸ್ಥಾನದ್ದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿದರೆ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆಚ್ಚಿಕೊಂಡಿರುವುದು ಸಂತಾನಹರಣ ಚಿಕಿತ್ಸೆಯನ್ನು, ನಮ್ಮ ಆಡುಮಾತಿನ 'ಆಪರೇಷನ್' ಅನ್ನು. ಮಕ್ಕಳು ಸಾಕಾದ ಮೇಲಿನ ಮಾತೇ ಗರ್ಭನಿರೋಧ ಎಂದು ಬಗೆದ ವ್ಯವಸ್ಥೆಗೆ ಮಕ್ಕಳು ಆಗುವ ಮೊದಲೇ ಬಂದು ನಿಲ್ಲುವ ನಿಮ್ಮಂತಹವರು ಹೊಸಬರು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ತಾಮ್ರದ ವಂಕಿ ಕೆಲಸ ಮಾಡುವ ರೀತಿ ಸರಳ: ಅದರಿಂದ ಬಿಡುಗಡೆಯಾಗುವ ತಾಮ್ರದ ಅಯಾನುಗಳು ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸಿ ಅಂಡದೊಂದಿಗೆ ಕೂಡಲು ಬಿಡುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಎರಡು ಬಗೆಗಳಲ್ಲಿ 380ಎ ಎಂಬುದು ಹತ್ತು ವರ್ಷ, 375 ಎಂಬುದು ಐದು ವರ್ಷ ಬಾಳುತ್ತದೆ. ಇದರಲ್ಲಿ ಹಾರ್ಮೋನು ಇಲ್ಲ, ಹಾಕಿದ ಕ್ಷಣದಿಂದಲೇ ಕೆಲಸ ಆರಂಭ. ನೂರು ಮಂದಿ ಒಂದು ವರ್ಷ ಬಳಸಿದರೆ ಗರ್ಭ ಧರಿಸುವವರು ಒಬ್ಬರಿಗಿಂತ ಕಡಿಮೆ. ದಿನನಿತ್ಯದ ಬಳಕೆಯಲ್ಲಿ ಮಾತ್ರೆಗೆ ಈ ಲೆಕ್ಕ ಸುಮಾರು ಏಳು, ಕಾಂಡೋಮಿಗೆ ಸುಮಾರು ಹದಿಮೂರು. ಮಾತ್ರೆ ಕೆಟ್ಟದ್ದೆಂದಲ್ಲ, ಅದು ನಿಮ್ಮ ನೆನಪಿನ ಶಕ್ತಿಯನ್ನು ಅವಲಂಬಿಸಿದೆ. ವಂಕಿಗೆ ನಿಮ್ಮ ನೆನಪು ಬೇಕಾಗಿಲ್ಲ. ತಿಂಗಳಿಗೆ ಮೂರ್ನಾಲ್ಕು ಸಲ ಮರೆಯುವ, ಎರಡು ಬಾರಿ ತುರ್ತು ಮಾತ್ರೆಗೆ ಓಡಿದ ನಿಮಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಆದರೆ ತಾಮ್ರಕ್ಕೊಂದು ಬೆಲೆಯಿದೆ: ಮುಟ್ಟಿನ ಸ್ರಾವ ಹೆಚ್ಚುತ್ತದೆ, ವಿಶೇಷವಾಗಿ ಮೊದಲ ಮೂರರಿಂದ ಆರು ತಿಂಗಳು, ನೋವೂ ಕೆಲವರಿಗೆ ಹೆಚ್ಚುತ್ತದೆ. ಹಿಮೋಗ್ಲೋಬಿನ್ 12.5 ಇದ್ದು ಮೂರು ದಿನದ ಹಗುರ ಮುಟ್ಟು ಇರುವವರು ಇದನ್ನು ಗಮನಿಸುವುದೇ ಇಲ್ಲ. ನಿಮ್ಮದು 9.6. ಗರ್ಭಿಣಿಯಲ್ಲದ ಮಹಿಳೆಗೆ ಇರಬೇಕಾದದ್ದು 12. ಹನ್ನೊಂದರ ಕೆಳಗಿಳಿದರೆ ಮಧ್ಯಮ ಪ್ರಮಾಣದ ರಕ್ತಹೀನತೆ ಎಂದೇ ಲೆಕ್ಕ. ರಕ್ತಹೀನತೆ ಇರುವವರಿಗೂ ಕಾಪರ್ ಟಿ ನಿಷಿದ್ಧವಲ್ಲ, ಎರಡನೆಯ ದರ್ಜೆಯೇ. ಆದರೂ ನನ್ನ ಬಳಿ ನೀವು ಬಂದಿದ್ದರೆ ಅಂದೇ ಹಾಕುತ್ತಿರಲಿಲ್ಲ. ಮೊದಲು ಸ್ರಾವ ಏಕೆ ಹೆಚ್ಚು ಎಂದು ನೋಡುತ್ತಿದ್ದೆ: ಥೈರಾಯ್ಡ್ ಪರೀಕ್ಷೆ, ಗಡ್ಡೆ ಇದೆಯೇ ಎಂದು ತಿಳಿಯಲು ಒಂದು ಸ್ಕ್ಯಾನ್, ಹಲ್ಲು ಕೀಳಿಸಿದಾಗಲೋ ಗಾಯವಾದಾಗಲೋ ರಕ್ತ ಬೇಗ ನಿಲ್ಲದಿರುವ ಅಭ್ಯಾಸವಿದೆಯೇ ಎಂಬ ವಿಚಾರಣೆ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ಅದನ್ನು ಕಾಫಿ-ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದೊಂದಿಗೆ ನುಂಗಿದರೆ ಮೈಗೆ ಹೆಚ್ಚು ಹತ್ತುತ್ತದೆ.

ಮತ್ತು ನಿಮ್ಮ ಮುಂದೆ ಇನ್ನೊಂದು ವಂಕಿಯನ್ನು ಇಡುತ್ತಿದ್ದೆ: ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ದಿನವೂ ಸೂಕ್ಷ್ಮ ಪ್ರಮಾಣದಲ್ಲಿ ಗರ್ಭಕೋಶದೊಳಕ್ಕೆ ಬಿಡುವ ಸಾಧನ. ಮಿರೇನಾ ಎಂಬ ಹೆಸರು ನೀವು ಕೇಳಿರಬಹುದು. ಇದು ಗರ್ಭಕಂಠದ ಲೋಳೆಯನ್ನು ದಪ್ಪವಾಗಿಸಿ ವೀರ್ಯಾಣುಗಳ ದಾರಿ ಮುಚ್ಚುತ್ತದೆ, ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ. ಒಳಪದರ ತೆಳುವಾದರೆ ಸ್ರಾವವೂ ಕಡಿಮೆ, ನೋವೂ ಕಡಿಮೆ. ಅತಿಸ್ರಾವಕ್ಕೆ ಇದನ್ನೇ ಚಿಕಿತ್ಸೆಯಾಗಿ ಹಾಕುತ್ತೇವೆ. ಅಂದರೆ ನಿಮಗೆ ಗರ್ಭನಿರೋಧಕವೂ ಔಷಧವೂ ಒಂದರಲ್ಲೇ ಸಿಕ್ಕಂತಾಗುತ್ತದೆ. ತೊಡಕುಗಳಿಲ್ಲವೆಂದಲ್ಲ. ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ಚುಕ್ಕೆಚುಕ್ಕೆಯಾಗಿ ರಕ್ತ ಕಾಣಿಸಿಕೊಳ್ಳುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಕೆಲವರು ಗಾಬರಿಯಾಗಿ ತೆಗೆಸಿಬಿಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ. "ಕೆಟ್ಟ ರಕ್ತ ಒಳಗೇ ಉಳಿಯಿತು" ಎಂದು ಮನೆಯಲ್ಲಿ ಯಾರಾದರೂ ಹೇಳಿಯಾರು. ಒಳಗೆ ಏನೂ ಉಳಿದಿರುವುದಿಲ್ಲ, ಕಟ್ಟದ ಪದರ ಕಳಚುವುದೂ ಇಲ್ಲ, ಅಷ್ಟೇ. ನಿಮ್ಮ ಸ್ಥಿತಿಯಲ್ಲಿ ನನ್ನ ಒಲವು ಇದರ ಕಡೆಗೆ. ಖರ್ಚು ಸಾಧ್ಯವಾಗದಿದ್ದರೆ ಹಿಮೋಗ್ಲೋಬಿನ್ ಏರಿದ ಮೇಲೆ ಕಾಪರ್ ಟಿ ಹಾಕಿಸಿ, ಮೊದಲ ಕೆಲವು ಮುಟ್ಟುಗಳಲ್ಲಿ ಸ್ರಾವ ತಗ್ಗಿಸುವ ಮಾತ್ರೆಯ ನೆರವು ಪಡೆದು ನೋಡಬಹುದು.

ನೋವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹೆರಿಗೆಯಾಗದವರಿಗೆ ನಿಜವಾಗಿ ವ್ಯತ್ಯಾಸವಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮೇಜಿನ ಖಾನೆಯಲ್ಲಿ ಒಂದು ಕಾಪರ್ ಟಿ ಯಾವಾಗಲೂ ಇರುತ್ತದೆ. ಬಂದವರ ಅಂಗೈಯಲ್ಲಿ ಅದನ್ನಿಡುತ್ತೇನೆ. ಅಗಲ 32 ಮಿಲಿಮೀಟರ್, ಉದ್ದ 36. ಬಿಳಿ ಪ್ಲಾಸ್ಟಿಕ್ಕಿನ ಕಾಂಡಕ್ಕೆ ಕೂದಲೆಳೆಯಂತಹ ತಾಮ್ರದ ತಂತಿ ಸುತ್ತಿದೆ, ಎರಡು ತೋಳುಗಳ ಮೇಲೆ ತಾಮ್ರದ ಪುಟ್ಟ ಕೊಳವೆಗಳು. ತೋಳುಗಳನ್ನು ಬೆರಳಿನಿಂದ ಮಡಚಿ ನೋಡಲು ಹೇಳುತ್ತೇನೆ, ಬಿಟ್ಟೊಡನೆ ಮತ್ತೆ ಅರಳುತ್ತವೆ. "ಇಷ್ಟೇನಾ?" ಎನ್ನುತ್ತಾರೆ ಹೆಚ್ಚಿನವರು, ಅವರ ಕಲ್ಪನೆಯಲ್ಲಿ ಅದು ಮೊಳೆಯಷ್ಟು ದಪ್ಪದ ಕಬ್ಬಿಣದ ಕೊಕ್ಕೆಯಾಗಿರುತ್ತದೆ. ತೋಳು ಮಡಚಿದ ಸ್ಥಿತಿಯಲ್ಲಿ ಇದು ಒಂದು ಸಣ್ಣ ನಳಿಕೆಯ ಮೂಲಕ ಗರ್ಭಕಂಠವನ್ನು ದಾಟಿ ಒಳಗೆ ಹೋಗಿ ಅರಳಿಕೊಳ್ಳುತ್ತದೆ. ಸಹಜ ಹೆರಿಗೆಯಾದವರ ಗರ್ಭಕಂಠ ಒಮ್ಮೆ ಪೂರ್ತಿ ತೆರೆದು ಮುಚ್ಚಿದ್ದು; ನಿಮ್ಮದು ಇನ್ನೂ ತೆರೆಯದ ಸಣ್ಣ ರಂಧ್ರ. ಹಾಗಾಗಿ ಗರ್ಭಕಂಠವನ್ನು ಉಪಕರಣದಿಂದ ಹಿಡಿದಾಗ ಚಿವುಟಿದಂತೆ, ಗರ್ಭಕೋಶದ ಆಳ ಅಳೆಯುವ ಸಲಾಕೆ ಒಳಗೆ ಹೋದಾಗ ಮುಟ್ಟಿನ ನೋವನ್ನು ಹಿಂಡಿ ಒಂದೇ ಕಡೆ ಇಟ್ಟಂತೆ, ಸಾಧನ ಅರಳಿದಾಗ ಮತ್ತೊಮ್ಮೆ ಹಾಗೆಯೇ, ಒಟ್ಟು ಮೂರು ಸಲ ನೋವಾಗುತ್ತದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಕೆಲವರಿಗೆ ತಲೆ ಸುತ್ತಿ ಬೆವರು ಬರುತ್ತದೆ, ಹದಿನೈದು ನಿಮಿಷ ಮಲಗಿದರೆ ಸರಿಹೋಗುತ್ತದೆ. ಅಂದು ತಿಂಡಿ ತಿಂದೇ ಬನ್ನಿ, ಜೊತೆಗೊಬ್ಬರಿರಲಿ, ಸಂಜೆ ಆಫೀಸಿಗೆ ಹೋಗುವ ಯೋಚನೆ ಬೇಡ.

"ಇಷ್ಟು ನೋವು ತಡೆಯಲಾಗದಿದ್ದರೆ ಹೆರಿಗೆ ಹೇಗೆ ಮಾಡಿಕೊಳ್ಳುತ್ತೀಯ" ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದನ್ನು ಸಹಿಸಿಕೊಳ್ಳಬೇಕಾದ ಅಗತ್ಯ ನಿಮಗಿಲ್ಲ. ಗರ್ಭಕಂಠದ ಸುತ್ತ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿದರೆ ಹೆರಿಗೆಯಾಗದವರಲ್ಲಿ ನೋವು ಇಳಿಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2024ರ ಮಾರ್ಗಸೂಚಿಯಲ್ಲಿ ನೋವಿನ ಬಗ್ಗೆ ವೈದ್ಯರು ಮೊದಲೇ ಮಾತಾಡಬೇಕೆಂದೂ ಲಿಗ್ನೊಕೇನ್ ನೆರವಾಗಬಹುದೆಂದೂ ಹೇಳಿದೆ. ಐಬುಪ್ರೊಫೆನ್ ಮಾತ್ರೆ ಹಾಕುವ ಕ್ಷಣದ ನೋವಿಗಿಂತ ಆಮೇಲಿನ ಸೆಳೆತಕ್ಕೆ ಹೆಚ್ಚು ಉಪಯೋಗ. ಗರ್ಭಕಂಠ ಮೆತ್ತಗಾಗಲೆಂದು ಎಲ್ಲರಿಗೂ ಮಿಸೊಪ್ರೊಸ್ಟಾಲ್ ಕೊಡುವ ರೂಢಿಯಿಂದ ವಾಕರಿಕೆ, ಸೆಳೆತ ಹೆಚ್ಚಾಗುವುದೇ ಹೊರತು ದೊಡ್ಡ ಲಾಭವಿಲ್ಲ. ಹಿಂದೊಮ್ಮೆ ಹಾಕಲು ಆಗದೇ ಹೋದವರಿಗೆ ಅದನ್ನು ಕಾಯ್ದಿರಿಸುವುದು ಒಳ್ಳೆಯದು. ನಡುವೆ ನೀವು "ನಿಲ್ಲಿಸಿ" ಎಂದರೆ ನಿಲ್ಲಿಸಬೇಕು. ಇದನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ; ಒಪ್ಪದಿದ್ದರೆ ಬೇರೆ ವೈದ್ಯರನ್ನು ನೋಡಿ. ಹೆಂಡತಿಗೆ ವಂಕಿ ಹಾಕಲು ಗಂಡನ ಸಹಿ ಬೇಕೆಂದು ಕಾನೂನೇನೂ ಹೇಳುವುದಿಲ್ಲ, ಒಪ್ಪಿಗೆ ನಿಮ್ಮದು.

ಮುಟ್ಟಿನ ದಿನಗಳಲ್ಲೇ ಹಾಕಿಸಬೇಕೆಂಬ ಕಟ್ಟುನಿಟ್ಟಿಲ್ಲ, ಗರ್ಭವಿಲ್ಲವೆಂದು ಖಚಿತವಾದರೆ ಯಾವ ದಿನವೂ ಆದೀತು. ಹಾರ್ಮೋನಿನದ್ದನ್ನು ಮುಟ್ಟಿನ ಮೊದಲ ಏಳು ದಿನಗಳ ನಂತರ ಹಾಕಿಸಿದರೆ ಇನ್ನೊಂದು ವಾರ ಕಾಂಡೋಮ್ ಬಳಸಬೇಕು. ಮುಂದಿನ ಮುಟ್ಟಾದ ಮೇಲೆ ಒಮ್ಮೆ ತೋರಿಸಿ. ಸಾಧನ ಜಾರುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ದಾರ ಚುಚ್ಚುತ್ತದೆ ಎಂದು ಗಂಡ ಹೇಳಿದರೆ ತೆಗೆಸಬೇಕಾಗಿಲ್ಲ, ದಿನ ಕಳೆದಂತೆ ಅದು ಮೆದುವಾಗುತ್ತದೆ, ಇಲ್ಲವಾದರೆ ಇನ್ನಷ್ಟು ಕತ್ತರಿಸಬಹುದು. ಮುಟ್ಟಿನ ಕಪ್ ಬಳಸುವ ರೂಢಿಯಿದ್ದರೆ ಹೊರತೆಗೆಯುವ ಮುನ್ನ ಅಂಚನ್ನು ಒತ್ತಿ ಒಳಗಿನ ಸೆಳೆತ ಬಿಡಿಸಿಕೊಳ್ಳಿ. ಹಾಗೇ ಎಳೆದರೆ ವಂಕಿಯೂ ಜೊತೆಗೆ ಬಂದೀತು. ಹಾಕುವಾಗ ಗರ್ಭಕೋಶದ ಗೋಡೆ ತೂತಾಗುವ ಸಂಭವ ಸುಮಾರು ಸಾವಿರಕ್ಕೆ ಒಂದು, ಅದು ಹಾಕುವವರ ಕೈ ಪಳಗಿದಷ್ಟೂ ಕಡಿಮೆ. ದಾರ ಕೈಗೆ ಸಿಗದಿದ್ದರೆ ಸ್ಕ್ಯಾನ್ ಮಾಡಿಸುವವರೆಗೆ ಕಾಂಡೋಮ್ ಬಳಸಿ. ಜ್ವರದೊಂದಿಗೆ ಕಿಬ್ಬೊಟ್ಟೆ ನೋವು, ದುರ್ವಾಸನೆಯ ಸ್ರಾವ ಬಂದರೆ ಅಂದೇ ತೋರಿಸಬೇಕು. ಮುಟ್ಟು ತಪ್ಪಿ ಒಂದು ಪಕ್ಕ ನೋವು ಬಂದರಂತೂ ತಡಮಾಡಲೇಬಾರದು: ವಂಕಿ ಇದ್ದಾಗ ಗರ್ಭ ನಿಲ್ಲುವುದೇ ಅಪರೂಪ, ಆದರೆ ನಿಂತರೆ ಅದು ಅಂಡನಾಳದಲ್ಲಿ ನಿಂತಿರುವ ಸಾಧ್ಯತೆ ಹೆಚ್ಚು.

ವಂಕಿ ಬೇಡವೆನ್ನಿಸಿದರೆ ಸರ್ಕಾರಿ ಕೇಂದ್ರಗಳಲ್ಲಿ ಅಂತರ ಎಂಬ ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದು, ಛಾಯಾ ಎಂಬ ಹಾರ್ಮೋನಿಲ್ಲದ ಮಾತ್ರೆ ಉಚಿತವಾಗಿ ಸಿಗುತ್ತವೆ. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ಮರೆಯುವ ಸ್ವಭಾವದವರಿಗೆ ಅದೂ ಕಷ್ಟವೇ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುವುದುಂಟು.

ವಂಕಿಯಲ್ಲಿ ಆ ತಡವಿಲ್ಲ. ಅತ್ತೆಯವರಿಗೆ ಇದನ್ನು ಹೇಳಿ: ತೆಗೆಸಿದ ತಿಂಗಳಲ್ಲೇ ಗರ್ಭ ನಿಲ್ಲಬಹುದು, ವರ್ಷದೊಳಗೆ ಹೆಚ್ಚಿನವರಿಗೆ ನಿಲ್ಲುತ್ತದೆ, ಏನೂ ಬಳಸದೆ ಇದ್ದವರ ಹಾಗೆಯೇ. ಮಧ್ಯೆ ಬಿಡುವು ಕೊಡಬೇಕೆಂಬ ನಿಯಮವೂ ಇಲ್ಲ. ಆದ್ದರಿಂದ ಮೂರೋ ನಾಲ್ಕೋ ವರ್ಷದ ನಂತರ ಮಗು ಬೇಕೆನಿಸಿದಾಗ, ತೆಗೆಸುವುದಕ್ಕೆ ಒಂದೆರಡು ತಿಂಗಳ ಮೊದಲೇ ಹಿಮೋಗ್ಲೋಬಿನ್ ಮತ್ತೊಮ್ಮೆ ನೋಡಿಸಿಕೊಂಡು, ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ.